ನಮ್ಮೂರ ನೆಲದಡಿಯ ಸೊನ್ನೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಶಾಲೆಯ ದಿನಗಳ ನೆನಪನ್ನೇ ಬರೆಯೋಣವೆಂದು ಕುಳಿತೆ. ಎರಡು ಪುಟ ಬರೆದ ಮೇಲೆ ಹರಿದು ಹಾಕಿದೆ. ಸೋರುತ್ತಿದ್ದ ಎಂಟನೇ ತರಗತಿಯ ಕೊಠಡಿ, ಹುಣಸೆ ಮರದ ಕೆಳಗಿನ ಪಿ.ಟಿ. ಪೀರಿಯಡ್ಡು, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯ ವಿದ್ಯಾರ್ಥಿಗಳು ಇದೇ ಸಂಚಿಕೆಯಲ್ಲಿ ಇರುತ್ತಾರೆ. ನಾನು ಬರೆಯುವುದು ಬೇರೆ ಚರಿತ್ರೆ. ನಮ್ಮ ಶಾಲೆಯ ಮೈದಾನದ ಅಂಚಿನಲ್ಲಿ ನಿಂತರೆ ದೂರದಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಕಾಣುತ್ತವಲ್ಲ, ಆ ದಿಬ್ಬಗಳ ಆಚೆ, ನೆಲದೊಳಗೆ ಎರಡು ಕಿಲೋಮೀಟರಿಗಿಂತ ಆಳದಲ್ಲಿ ನಡೆದದ್ದು. ಅದನ್ನು ನಾನು ತಿಳಿದದ್ದು ಇಲ್ಲಿ ಓದುವಾಗಲಲ್ಲ, ಇಲ್ಲಿಂದ ಹೋಗಿ ಆರು ವರ್ಷಗಳಾದ ಮೇಲೆ, ಬೆಂಗಳೂರಿನ ಒಂದು ಕಂಪ್ಯೂಟರ್ ಲ್ಯಾಬಿನಲ್ಲಿ.

ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದೇ ವರ್ಷ ಜೂನ್‌ನಲ್ಲಿ ನಾನು ನಮ್ಮ ಹೈಸ್ಕೂಲಿಗೆ ಎಂಟನೇ ತರಗತಿಗೆ ಸೇರಿದೆ. ನನ್ನ ದೊಡ್ಡಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಆ ವರ್ಷ ನಮ್ಮ ತರಗತಿಯಲ್ಲಿ ಅಪ್ಪನ ಉದ್ಯೋಗ ಎಂಬ ಕಾಲಂನಲ್ಲಿ ಏನು ಬರೆಯಬೇಕೆಂದು ಗೊತ್ತಾಗದೆ ಮೇಷ್ಟ್ರನ್ನು ಕೇಳಿದ ಹುಡುಗರು ನಾಲ್ಕೈದು ಮಂದಿ ಇದ್ದರು. ಗಣಿ ಎಂದರೆ ನಮಗೆ ಮುಗಿದುಹೋದ ವಿಷಯ, ಮನೆಯಲ್ಲಿ ಎತ್ತಬಾರದ ಮಾತು.

ನಾನು ಬಿ.ಇ. ಸೇರಿದ್ದು ಕಂಪ್ಯೂಟರ್ ಸೈನ್ಸ್‌ಗೆ. ಕೊನೆಯ ವರ್ಷ, ಅಂದರೆ 2009-10ರಲ್ಲಿ, ಪ್ರಾಜೆಕ್ಟ್ ಮಾಡಬೇಕಿತ್ತು. ನನ್ನ ಸಹಪಾಠಿಗಳೆಲ್ಲ ಲೈಬ್ರರಿ ಮ್ಯಾನೇಜ್‌ಮೆಂಟ್, ಬಸ್ ಟಿಕೆಟ್ ಬುಕಿಂಗ್ ಎಂದು ಹೊರಟಿದ್ದರು. ನನಗೂ ನನ್ನ ಗೆಳೆಯನಿಗೂ ಮೊದಲ ವರ್ಷ ಭೌತಶಾಸ್ತ್ರ ಕಲಿಸಿದ್ದ ಮೇಡಂ ಒಬ್ಬರಿದ್ದರು. ಕಣ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಹೇಳುತ್ತಿದ್ದವರು. ಕೋಡ್ ಬರೆಯಲು ಬರುವ ಹುಡುಗರು ಯಾರಾದರೂ ಸಿಗುತ್ತಾರಾ ಎಂದು ಅವರೂ ಹುಡುಕುತ್ತಿದ್ದರು. ಮ್ಯೂಯಾನ್ ಎಂಬ ಕಣಗಳನ್ನು ಹಿಡಿಯುವ ಡಿಟೆಕ್ಟರ್ ಒಂದನ್ನು ಕಂಪ್ಯೂಟರಿನೊಳಗೆ ಕಟ್ಟಿ ಪರೀಕ್ಷಿಸುವುದು ಅವರ ಮನಸ್ಸಿನಲ್ಲಿದ್ದ ಕೆಲಸ.

"ನಿಮ್ಮೂರು ಯಾವುದಪ್ಪ?" ಎಂದು ಕೇಳಿದರು.

"ಕೆಜಿಎಫ್ ಪಕ್ಕ ಮೇಡಂ, ಬಂಗಾರಪೇಟೆ ತಾಲ್ಲೂಕು."

ಮೇಡಂ ಒಂದು ನಿಮಿಷ ನನ್ನ ಮುಖ ನೋಡಿದರು. "ಹಾಗಾದರೆ ಬೇರೆ ಡಿಟೆಕ್ಟರ್ ಯಾಕೆ? ನಿಮ್ಮೂರ ಕೆಳಗಿದ್ದದ್ದನ್ನೇ ಮಾಡು."

ನಮ್ಮೂರ ಕೆಳಗೆ ಏನಿತ್ತು ಎಂದು ನನಗೆ ಗೊತ್ತಿರಲಿಲ್ಲ. ಹತ್ತಿರ ಹತ್ತಿರ ಇಪ್ಪತ್ತೊಂದು ವರ್ಷ ಆ ನೆಲದ ಮೇಲೆ ಓಡಾಡಿದ ನನಗೆ ಅದನ್ನು ಹೇಳಿದ್ದು ಧಾರವಾಡದ ಕಡೆಯಿಂದ ಬಂದ ಮೇಡಂ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಆಕಾಶದಿಂದ ಸದಾ ಕಣಗಳ ಮಳೆ ಸುರಿಯುತ್ತಿರುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದು ಹೊಸ ಕಣಗಳನ್ನು ಹುಟ್ಟಿಸುತ್ತವೆ. ನೆಲದವರೆಗೆ ಬಂದು ಮುಟ್ಟುವವುಗಳಲ್ಲಿ ಮುಖ್ಯವಾದದ್ದು ಮ್ಯೂಯಾನ್. ಅಂಗೈ ಚಾಚಿದರೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಹಾದುಹೋಗುತ್ತಿರುತ್ತದೆ. ನೀವು ಈ ಪುಟ ಓದಿ ಮುಗಿಸುವಷ್ಟರಲ್ಲಿ ಸಾವಿರಾರು ಮ್ಯೂಯಾನುಗಳು ನಿಮ್ಮ ಮೈಯ ಮೂಲಕ ಹೋಗಿರುತ್ತವೆ. ಅವು ನೆಲದೊಳಗೂ ಇಳಿಯುತ್ತವೆ. ಎಷ್ಟು ಆಳಕ್ಕೆ ಎಷ್ಟು ಇಳಿಯುತ್ತವೆ ಎಂದು ತಿಳಿಯಬೇಕಾದರೆ ಆಳವಾದ ಗುಂಡಿ ಬೇಕು. ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇತ್ತು.

ಹೋಮಿ ಭಾಭಾ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ವಿಶ್ವಕಿರಣವೇ ಅವರ ವಿಷಯ. 1945ರಲ್ಲಿ ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೂಡ ಆರಂಭವಾದದ್ದು ಬೆಂಗಳೂರಿನಲ್ಲೇ, ಆಮೇಲೆ ಮುಂಬೈಗೆ ಹೋಯಿತು. ಆ ಸಂಸ್ಥೆಗೆ 1948ರಲ್ಲಿ ಸೇರಿದವರು ಬಿ.ವಿ. ಶ್ರೀಕಂಠನ್, ನಂಜನಗೂಡಿನಲ್ಲಿ ಹುಟ್ಟಿದವರು. ಭಾಭಾ ಅವರು ಈ ತರುಣನನ್ನು ಕೋಲಾರದ ಗಣಿಗೆ ಕಳಿಸಿದರು. 1950ರ ದಶಕದ ಆರಂಭದಲ್ಲೇ ಶ್ರೀಕಂಠನ್ ಅವರು ಗೈಗರ್ ಕೌಂಟರುಗಳನ್ನು ಹೊತ್ತುಕೊಂಡು ಗಣಿಗಿಳಿದು ಮ್ಯೂಯಾನುಗಳನ್ನು ಎಣಿಸತೊಡಗಿದರು. ಮುಂದೆ ಇವರೇ ಆ ಸಂಸ್ಥೆಯ ನಿರ್ದೇಶಕರಾದರು.

ಒಂದೊಂದು ಮಟ್ಟಕ್ಕೆ ಇಳಿದಂತೆ ಎಣಿಕೆ ಕಡಿಮೆಯಾಗುತ್ತಾ ಹೋಯಿತು. ಇದು ನಿರೀಕ್ಷಿಸಿದ್ದೇ. 1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮವರಾದ ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಸೇರಿ ಇನ್ನೂ ಆಳಕ್ಕೆ ಹೋದರು. ಸುಮಾರು 2.75 ಕಿಲೋಮೀಟರ್ ಆಳದಲ್ಲಿ ಯಂತ್ರ ಇಟ್ಟು ಎರಡು ತಿಂಗಳಷ್ಟು ಕಾಲ ಕಾದರು. ಒಂದೇ ಒಂದು ಮ್ಯೂಯಾನ್ ಬರಲಿಲ್ಲ.

ಈ ಸೊನ್ನೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಲೇಖನವೆಲ್ಲ ಇದರ ಸುತ್ತಲೇ ಇದೆ.

ಎರಡು ತಿಂಗಳು ಬಿಸಿ ಬಂಡೆಯ ನಡುವೆ ಕೂತು ಏನೂ ಸಿಗದಿದ್ದರೆ ಯಾರಾದರೂ ಬೇಸರಪಡಬಹುದು. ಇವರು ಅದನ್ನು ಬೇರೆ ರೀತಿ ನೋಡಿದರು. ಮೇಲಿನಿಂದ ಬರುವ ಮಳೆ ಇಲ್ಲಿ ಪೂರ್ತಿ ನಿಂತಿದೆ ಎಂದಾದರೆ, ಇಲ್ಲಿ ಏನಾದರೂ ಕಂಡರೆ ಅದು ಮಳೆಯಿಂದ ಬಂದದ್ದಲ್ಲ. ಗದ್ದಲದ ಸಂತೆಯಲ್ಲಿ ಪಿಸುಮಾತು ಕೇಳುವುದಿಲ್ಲ. ಸಂತೆ ಮುಗಿದ ರಾತ್ರಿ ಕೇಳುತ್ತದೆ. ಅವರು ಕೇಳಬೇಕೆಂದಿದ್ದ ಪಿಸುಮಾತು ನ್ಯೂಟ್ರಿನೋ ಎಂಬ ಕಣದ್ದು. ನಮ್ಮ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸೂರ್ಯನಿಂದ ಬಂದ ಸುಮಾರು ಆರು ಸಾವಿರ ಕೋಟಿ ನ್ಯೂಟ್ರಿನೋಗಳು ಹಾದುಹೋಗುತ್ತವೆ, ಆದರೆ ಯಾವುದನ್ನೂ ಮುಟ್ಟುವುದಿಲ್ಲ. ಭೂಮಿಯನ್ನೇ ತೂರಿ ಆಚೆ ಹೋಗುತ್ತವೆ. ವಾತಾವರಣದಲ್ಲಿ ಹುಟ್ಟುವ, ಇನ್ನೂ ಹೆಚ್ಚು ಶಕ್ತಿಯ ನ್ಯೂಟ್ರಿನೋಗಳೂ ಇವೆ. ಅವು ಅಪರೂಪಕ್ಕೊಮ್ಮೆ ಬಂಡೆಗೆ ಬಡಿದು ಮ್ಯೂಯಾನ್ ಹುಟ್ಟಿಸಬೇಕು ಎಂದು ಲೆಕ್ಕ ಹೇಳುತ್ತಿತ್ತು. ಯಾರೂ ಕಂಡಿರಲಿಲ್ಲ.

ಮುಂಬೈಯ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಡಿಟೆಕ್ಟರ್ ಕಟ್ಟಿದವು. ಅದರ ವಿನ್ಯಾಸ ನನಗೆ ತುಂಬಾ ಇಷ್ಟ. ಮಳೆ ಹಿಡಿಯುವವರು ಪಾತ್ರೆಯನ್ನು ಅಂಗಾತ ಇಡುತ್ತಾರೆ. ಇವರು ಎರಡು ಗೋಡೆಗಳನ್ನು ಎದುರುಬದುರು ನಿಲ್ಲಿಸಿದರು. ಗೋಡೆಗಳು ಕಣ ಹಾದುಹೋದರೆ ಮಿನುಗುವ ವಿಶೇಷ ಪ್ಲಾಸ್ಟಿಕ್‌ನವು. ನಡುವೆ ನಿಯಾನ್ ಕೊಳವೆಗಳ ಸಾಲು ಮತ್ತು ಸೀಸದ ತಗಡು. ಅಷ್ಟು ಬಂಡೆ ದಾಟಿ ಬಂದ ವಿಶ್ವಕಿರಣದ ಮ್ಯೂಯಾನ್ ಇದ್ದರೂ ಅದು ನೆಟ್ಟಗೆ ಮೇಲಿನಿಂದಲೇ ಬರುತ್ತದೆ. ಅಡ್ಡಡ್ಡವಾಗಿ ಬಂದು ಎರಡೂ ಗೋಡೆ ದಾಟಿದರೆ ಅದು ನ್ಯೂಟ್ರಿನೋ ಹುಟ್ಟಿಸಿದ್ದೇ ಆಗಿರಬೇಕು, ಯಾಕೆಂದರೆ ಪಕ್ಕದಲ್ಲಿರುವುದು ಎಷ್ಟೋ ಕಿಲೋಮೀಟರ್ ದಪ್ಪದ ಬಂಡೆ.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಬೇಟೆಯಲ್ಲಿತ್ತು. ಅವರಿಗೆ ಮೊದಲ ಘಟನೆ ಕಂಡದ್ದು 1965ರ ಫೆಬ್ರವರಿಯಲ್ಲಿ, ಕೋಲಾರದವರಿಗಿಂತ ಮುಂಚೆ. ಆದರೆ ಕೋಲಾರದ ಪ್ರಬಂಧ ಅಚ್ಚಾದದ್ದು 1965ರ ಆಗಸ್ಟ್ 15ರ ಸಂಚಿಕೆಯಲ್ಲಿ, ರೈನ್ಸ್ ಅವರದ್ದು ಆಗಸ್ಟ್ 30ರಂದು. ಯಾರು ಮೊದಲು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಎರಡೂ ತಂಡಗಳು ಸ್ವತಂತ್ರವಾಗಿ ಕಂಡವು, ಮತ್ತು ಅದರಲ್ಲಿ ಒಂದು ನಮ್ಮ ಮಾರಿಕುಪ್ಪಂ ರೈಲು ಹೋಗುವ ಊರಿನಲ್ಲಿ ನಡೆಯಿತು ಎಂಬುದಷ್ಟೇ ನನಗೆ ಸಾಕು.

1980ರಲ್ಲಿ ಅದೇ ಆಳದಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಮೇಡಂ ನನಗೆ ಕೊಟ್ಟದ್ದು ಈ ಡಿಟೆಕ್ಟರನ್ನು. 140 ಟನ್ ತೂಕ. ಹತ್ತು ಸೆಂಟಿಮೀಟರ್ ಅಗಲದ ಚೌಕಾಕಾರದ ಕಬ್ಬಿಣದ ಕೊಳವೆಗಳು ಸುಮಾರು 1,600. ಅವುಗಳನ್ನು ಒಂದು ಪದರ ಉದ್ದಕ್ಕೆ, ಮತ್ತೊಂದು ಪದರ ಅಡ್ಡಕ್ಕೆ, ಹೀಗೆ 34 ಪದರ ಜೋಡಿಸಿ ನಡುವೆ ಕಬ್ಬಿಣದ ತಗಡು ಹಾಕಿದ್ದರು. ನಮ್ಮ ಕಡೆ ಸೌದೆ ಒಟ್ಟುತ್ತಾರಲ್ಲ, ಹಾಗೆ. ಕೊಳವೆಯೊಳಗೆ ಆರ್ಗಾನ್ ಮತ್ತು ಮೀಥೇನ್ ಅನಿಲ, ನಡುವೆ ಒಂದು ತಂತಿ. ಕಣ ಹಾದುಹೋದರೆ ತಂತಿಯಲ್ಲಿ ವಿದ್ಯುತ್ತಿನ ಸಣ್ಣ ಮಿಡಿತ. ಯಾವ ಯಾವ ಕೊಳವೆ ಮಿಡಿಯಿತು ಎಂದು ನೋಡಿದರೆ ಕಣ ಹೋದ ದಾರಿ ತಿಳಿಯುತ್ತದೆ.

ಈ ಸಲ ಹುಡುಕುತ್ತಿದ್ದದ್ದು ಪ್ರೋಟಾನ್ ಸಾಯುವುದನ್ನು. ಎಲ್ಲ ವಸ್ತುವಿನೊಳಗೂ ಇರುವ ಪ್ರೋಟಾನ್ ಎಂದೆಂದಿಗೂ ಹಾಗೇ ಉಳಿಯುತ್ತದೆಯೇ, ಅಥವಾ ಅದಕ್ಕೂ ಒಂದು ಆಯುಸ್ಸು ಇದೆಯೇ? ಆಗಿನ ಒಂದು ಸಿದ್ಧಾಂತದ ಪ್ರಕಾರ ಆಯುಸ್ಸು ಇತ್ತು, ಒಂದರ ಮುಂದೆ ಮೂವತ್ತು ಮೂವತ್ತೊಂದು ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ವರ್ಷ ಕಾಯುವವರು ಯಾರು? ಆದರೆ ಒಂದು ಮಾವಿನ ಹಣ್ಣು ಯಾವತ್ತು ಬೀಳುತ್ತದೆಂದು ಕಾಯುವ ಬದಲು ಇಡೀ ತೋಪಿನಲ್ಲಿ ಕೂತರೆ ದಿನಕ್ಕೆ ನಾಲ್ಕಾದರೂ ಬೀಳುತ್ತವೆ. 140 ಟನ್ ಕಬ್ಬಿಣ ಅಂಥದೊಂದು ತೋಪು. ಇದಕ್ಕಾಗಿಯೇ ಕಟ್ಟಿದ ಡಿಟೆಕ್ಟರುಗಳಲ್ಲಿ ಜಗತ್ತಿನಲ್ಲೇ ಮೊದಲು ಕೆಲಸ ಶುರುಮಾಡಿದ್ದು ಇದು. 1985ರಲ್ಲಿ ಎರಡು ಕಿಲೋಮೀಟರ್ ಆಳದಲ್ಲಿ ಇನ್ನೂ ದೊಡ್ಡದೊಂದನ್ನು, 260 ಟನ್ನಿನದನ್ನು ಕಟ್ಟಿದರು.

ಈ ಡಿಟೆಕ್ಟರನ್ನು ಕಂಪ್ಯೂಟರಿನೊಳಗೆ ಕಟ್ಟುವುದೆಂದರೆ ಏನು ಎಂದು ನಮ್ಮ ಹಳ್ಳಿಯವರು ಯಾರಾದರೂ ಕೇಳಿದರೆ ನಾನು ಇಸ್ಪೀಟಿನ ಕತೆ ಹೇಳುತ್ತೇನೆ. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಈ ಆಟ ಗೆಲ್ಲುವ ಸಂಭವ ಎಷ್ಟು ಎಂದು ಸೂತ್ರ ಹಾಕಿ ನೋಡಿದರು, ಆಗಲಿಲ್ಲ. ಅದರ ಬದಲು ನೂರು ಸಲ ಆಡಿ ಎಷ್ಟು ಸಲ ಗೆದ್ದೆ ಎಂದು ಎಣಿಸಿದರೆ ಸಾಕಲ್ಲ ಎಂದು ಹೊಳೆಯಿತು. ಅಣುಬಾಂಬಿನ ಕೆಲಸದಲ್ಲಿ ನ್ಯೂಟ್ರಾನ್ ಹೇಗೆ ಓಡಾಡುತ್ತದೆಂಬ ಲೆಕ್ಕಕ್ಕೂ ಇದೇ ದಾರಿ ಹಿಡಿಯಬಹುದೆಂದು ಜಾನ್ ವಾನ್ ನ್ಯೂಮನ್‌ಗೆ ಹೇಳಿದರು. 1948ರಲ್ಲಿ ಎನಿಯಾಕ್ ಎಂಬ ಕೋಣೆ ತುಂಬುವ ಕಂಪ್ಯೂಟರಿನಲ್ಲಿ ಮಾಡಿ ನೋಡಿದರು. ಜೂಜಿನ ಊರಾದ ಮಾಂಟೆ ಕಾರ್ಲೋ ಹೆಸರನ್ನೇ ಈ ವಿಧಾನಕ್ಕೆ ಇಟ್ಟರು. ಉಲಾಮ್‌ರ ಚಿಕ್ಕಪ್ಪನೋ ಮಾವನೋ ಒಬ್ಬರಿಗೆ ಅಲ್ಲಿ ಜೂಜಾಡುವ ಚಟವಿತ್ತಂತೆ.

ಕಂಪ್ಯೂಟರ್ ಇಲ್ಲದವರೂ ಸುಮ್ಮನೆ ಕೂರಲಿಲ್ಲ. 1937ರಲ್ಲಿ ಭಾಭಾ ಮತ್ತು ಹೈಟ್ಲರ್ (ಇವರು ಬೇರೆ, ಭೌತವಿಜ್ಞಾನಿ) ಒಂದು ಎಲೆಕ್ಟ್ರಾನ್ ಹೇಗೆ ಒಡೆದು ಒಡೆದು ಕಣಗಳ ತುಂತುರಾಗುತ್ತದೆಂದು ವಿವರಿಸಿದ್ದರು. ಆ ತುಂತುರು ಸೀಸದೊಳಗೆ ಹೇಗೆ ಹರಡುತ್ತದೆಂದು ತಿಳಿಯಲು ಅಮೆರಿಕದ ರಾಬರ್ಟ್ ವಿಲ್ಸನ್ ಒಂದು ಉರುಳೆಯ ಮೇಲೆ ಸಂಭವನೀಯತೆಯ ನಕ್ಷೆ ಅಂಟಿಸಿ, ಕೈಯಲ್ಲಿ ತಿರುಗಿಸಿ, ನಿಂತ ಕಡೆ ಓದಿ, ಬರೆದುಕೊಂಡು, ಮತ್ತೆ ತಿರುಗಿಸಿ ಲೆಕ್ಕ ಮಾಡಿದರು. 1952ರಲ್ಲಿ ಪ್ರಕಟಿಸಿದರು. ನಮ್ಮ ಜಾತ್ರೆಯಲ್ಲಿ ಚಕ್ರ ತಿರುಗಿಸುವ ಆಟಕ್ಕೂ ಇದಕ್ಕೂ ಯಂತ್ರದಲ್ಲಿ ವ್ಯತ್ಯಾಸವಿಲ್ಲ.

ಈಗ ಆ ಉರುಳೆಯ ಕೆಲಸವನ್ನು ಮಾಡುವುದು ಜಿಯಾಂಟ್ ಎಂಬ ತಂತ್ರಾಂಶ. ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ 1974ರಲ್ಲಿ ಹುಟ್ಟಿತು. ನಾಲ್ಕನೇ ಅವತಾರ 1998ರ ಡಿಸೆಂಬರಿನಲ್ಲಿ ಬಂತು, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ. ಕಬ್ಬಿಣದ ಕೊಳವೆ ಎಲ್ಲಿದೆ, ಬಂಡೆ ಎಷ್ಟು ದಪ್ಪ, ಯಾವ ಕಣ ಯಾವ ಶಕ್ತಿಯಲ್ಲಿ ಬರುತ್ತದೆ ಎಂದು ನಾವು ಹೇಳಬೇಕು. ಹೆಜ್ಜೆ ಹೆಜ್ಜೆಗೂ ದಾಳ ಹಾಕಿ ಕಣವನ್ನು ಮುಂದೆ ನಡೆಸುವುದು ಅದರ ಕೆಲಸ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಇನ್ನು ನನ್ನ ಪ್ರಾಜೆಕ್ಟಿನ ಕತೆ. ಇನ್‌ಸ್ಟಾಲ್ ಮಾಡುವುದಕ್ಕೇ ಎರಡು ವಾರ ಹೋಯಿತು. ಅದನ್ನು ಬಿಡೋಣ, ಸಾಫ್ಟ್‌ವೇರಿನವರೆಲ್ಲರ ಮನೆಯ ದೋಸೆಯೂ ತೂತೇ. ಆಮೇಲೆ ಕೊಳವೆಗಳನ್ನು ಜೋಡಿಸಿದೆ, ಮೇಲೆ ಬಂಡೆ ಇಟ್ಟೆ, ಬಂಡೆಯ ಮೇಲಿಂದ ಒಂದು ಲಕ್ಷ ಮ್ಯೂಯಾನ್ ಬಿಟ್ಟೆ. ನೆಲದ ಮೇಲೆ ಬರುವ ಮ್ಯೂಯಾನಿನ ಸರಾಸರಿ ಶಕ್ತಿ ಸುಮಾರು ನಾಲ್ಕು ಗಿಗಾ ಎಲೆಕ್ಟ್ರಾನ್ ವೋಲ್ಟ್ ಎಂದು ಪುಸ್ತಕದಲ್ಲಿತ್ತು, ಎಲ್ಲಕ್ಕೂ ಅದನ್ನೇ ಕೊಟ್ಟೆ. ರಾತ್ರಿಯೆಲ್ಲ ಕಂಪ್ಯೂಟರ್ ಓಡಿತು. ಬೆಳಗ್ಗೆ ನೋಡಿದರೆ ಹತ್ತಿರ ಹತ್ತಿರ ಲಕ್ಷವೂ ಕೆಳಗಿನ ಡಿಟೆಕ್ಟರಿಗೆ ಬಂದಿದ್ದವು. ಕೊಳವೆಗಳೆಲ್ಲ ಮಿಡಿದು ಪರದೆಯ ಮೇಲೆ ಚೆಂದದ ಗೆರೆಗಳು. ಗೆಳೆಯನೂ ನಾನೂ ಕ್ಯಾಂಟೀನಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಪ್ರಾಜೆಕ್ಟ್ ಮುಗಿಯಿತೆಂದೇ ನಮ್ಮ ಭಾವನೆ.

ಮೇಡಂ ಚಿತ್ರ ನೋಡಿ ಒಂದೇ ಪ್ರಶ್ನೆ ಕೇಳಿದರು. "ಇದರ ಪ್ರಕಾರ ಗಣಿಯೊಳಗೆ ದಿನಕ್ಕೆ ಎಷ್ಟು ಮ್ಯೂಯಾನ್ ಬರಬೇಕು?"

ಲೆಕ್ಕ ಹಾಕಿದೆ. ಚದರ ಮೀಟರಿಗೆ ದಿನಕ್ಕೆ ಒಂದು ಕೋಟಿಗಿಂತ ಹೆಚ್ಚು.

ಮೇಡಂ ಡ್ರಾಯರ್‌ನಿಂದ ಒಂದು ಹಳೆಯ ಪ್ರಬಂಧದ ಜೆರಾಕ್ಸ್ ತೆಗೆದು ನನ್ನ ಮುಂದಿಟ್ಟರು. ಕೋಲಾರದ ಆ 140 ಟನ್ನಿನ ಡಿಟೆಕ್ಟರಿನೊಳಗೆ, ಇಡೀ ಡಿಟೆಕ್ಟರ್ ಸೇರಿ, ನಿಜವಾಗಿ ಬರುತ್ತಿದ್ದದ್ದು ದಿನಕ್ಕೆ ಸುಮಾರು ಎರಡು.

ತಪ್ಪು ಎಲ್ಲಿತ್ತೆಂದು ಹುಡುಕಲು ಮೂರು ದಿನ ಹಿಡಿಯಿತು. ಬಂಡೆಯ ದಪ್ಪ ಎಂದು ನಾನು 2300 ಎಂದು ಬರೆದಿದ್ದೆ. ಮೀಟರ್ ಎಂದು ಮನಸ್ಸಿನಲ್ಲಿತ್ತು, ಕೋಡಿನಲ್ಲಿ ಇರಲಿಲ್ಲ. ಜಿಯಾಂಟಿಗೆ ಅಳತೆ ಹೇಳದಿದ್ದರೆ ಅದು ಮಿಲಿಮೀಟರ್ ಎಂದು ತಿಳಿಯುತ್ತದೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಾಲದ್ದಕ್ಕೆ ಅದು ಕೇಳುವುದು ಪೂರ್ತಿ ದಪ್ಪವನ್ನಲ್ಲ, ಅರ್ಧ ದಪ್ಪವನ್ನು. ಹೀಗಾಗಿ ನಾನು ಮ್ಯೂಯಾನುಗಳನ್ನು ಇಳಿಸಿದ್ದು ಚಾಂಪಿಯನ್ ರೀಫ್ ಗಣಿಗೆ ಅಲ್ಲ, 4.6 ಮೀಟರ್ ಆಳದ ಒಂದು ಗುಂಡಿಗೆ. ನಮ್ಮ ತೋಟದ ಹಳೇ ಬಾವಿ ಅದಕ್ಕಿಂತ ಆಳ.

ಅಳತೆ ಸರಿಮಾಡಿ, ಅರ್ಧದ ತಪ್ಪನ್ನೂ ತಿದ್ದಿ, ಮತ್ತೆ ರಾತ್ರಿಯೆಲ್ಲ ಓಡಿಸಿದೆ. ಬೆಳಗ್ಗೆ ಸೊನ್ನೆ. ಲಕ್ಷದಲ್ಲಿ ಒಂದೂ ಇಲ್ಲ.

ಈಗ ನಾನು ಶಾಣ್ಯಾ ಆಗಿದ್ದೆ. "ಮೇಡಂ, 1960ರ ದಶಕದಲ್ಲೂ ಸೊನ್ನೆಯೇ ಬಂದದ್ದಲ್ಲವೇ, ಹೊಂದುತ್ತದೆ" ಎಂದೆ. ಅವರು ನಕ್ಕುಬಿಟ್ಟರು. ಅವರು ಆಮೇಲೆ ಹೇಳಿದ ಮಾತು ನನ್ನ ಮಟ್ಟಿಗೆ ಬಿ.ಇ.ಯ ನಾಲ್ಕು ವರ್ಷದ ಪಾಠಕ್ಕಿಂತ ದೊಡ್ಡದು. ಮಿಯಾಕೆಯವರ ತಂಡದ ಸೊನ್ನೆ ಎರಡು ತಿಂಗಳ ಸೊನ್ನೆ. ಆ ಅವಧಿಯಲ್ಲಿ ಅದೇ ಜಾಗದ ಮೇಲೆ, ನೆಲದ ಮಟ್ಟದಲ್ಲಿ, ಕೋಟಿ ಕೋಟಿ ಮ್ಯೂಯಾನ್ ಬಿದ್ದಿವೆ, ಎಲ್ಲ ಶಕ್ತಿಯವೂ ಇವೆ, ಆದರೂ ಕೆಳಗೆ ಒಂದೂ ಬರಲಿಲ್ಲ ಎಂದು ಆ ಸೊನ್ನೆ ಹೇಳುತ್ತದೆ. ನನ್ನ ಸೊನ್ನೆಯಲ್ಲಿ ಏನಿದೆ? ನಾಲ್ಕು ಗಿಗಾ ಎಲೆಕ್ಟ್ರಾನ್ ವೋಲ್ಟಿನ ಮ್ಯೂಯಾನ್ ಬಂಡೆಯಲ್ಲಿ ಹೆಚ್ಚೆಂದರೆ ಏಳೆಂಟು ಮೀಟರಿಗೇ ನಿಂತುಹೋಗುತ್ತದೆ. ಅಂಥದ್ದನ್ನು ಲಕ್ಷವಲ್ಲ, ಕೋಟಿ ಬಿಟ್ಟರೂ ಸೊನ್ನೆಯೇ. ಅಷ್ಟು ಆಳ ಮುಟ್ಟಬೇಕಾದರೆ ಅದರ ಸಾವಿರ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅಂಥ ಮ್ಯೂಯಾನುಗಳು ಇವೆ, ಅತಿ ಅಪರೂಪ, ಮತ್ತು ಅವನ್ನು ನಾನು ಬಿಟ್ಟೇ ಇರಲಿಲ್ಲ. ಅವರ ಸೊನ್ನೆಯಲ್ಲಿ ಕಾದ ದಿನಗಳಿದ್ದವು. ನನ್ನ ಸೊನ್ನೆಯಲ್ಲಿ ನಾನು ಕೇಳದ ಪ್ರಶ್ನೆ ಇತ್ತು.

ಪರಿಹಾರವನ್ನೂ ಮೇಡಂ ಅವರೇ ತೋರಿಸಿದರು. ಕೆಳಗೆ ಬರಲಾರದವುಗಳ ಮೇಲೆ ಕಂಪ್ಯೂಟರಿನ ಸಮಯ ವ್ಯರ್ಥ ಮಾಡಬೇಡ. ದೊಡ್ಡ ಶಕ್ತಿಯವನ್ನೇ ಬಿಡು, ಬಂದದ್ದನ್ನು ಎಣಿಸು, ಆಮೇಲೆ ಒಟ್ಟು ಮ್ಯೂಯಾನುಗಳಲ್ಲಿ ಅಂಥವುಗಳ ಪಾಲು ಎಷ್ಟೋ ಅದರಿಂದ ಗುಣಿಸು. ಹಾಗೆ ಮಾಡಿದೆ. ಆಗಲೂ ಉತ್ತರ ದಿನಕ್ಕೆ ಎರಡಕ್ಕಿಂತ ಬಹಳ ಹೆಚ್ಚೇ ಬಂತು. ನಾನು ಹಾಕಿದ್ದು ಪಠ್ಯಪುಸ್ತಕದ ಸಾಮಾನ್ಯ ಬಂಡೆ, ಘನ ಸೆಂಟಿಮೀಟರಿಗೆ 2.65 ಗ್ರಾಂ. ಕೋಲಾರದ ಬಂಡೆ ಅದಕ್ಕಿಂತ ಭಾರ, ಮೂರು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. 2.3 ಕಿಲೋಮೀಟರ್ ಬಂಡೆ ಏಳು ಕಿಲೋಮೀಟರ್ ನೀರಿಗೆ ಸಮನಾಗುವುದು ಹೀಗೆ. ನಮ್ಮ ನೆಲದ ಬಂಡೆಯನ್ನು ಹಾಕಿದ ಮೇಲೆ ನನ್ನ ಎಣಿಕೆ ಗಣಿಯ ಎಣಿಕೆಯ ಎರಡು ಪಟ್ಟಿನೊಳಗೆ ಬಂದು ನಿಂತಿತು. ಮೊದಲ ಪ್ರಾಜೆಕ್ಟಿಗೆ ಸಾಕು ಎಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಒಬ್ಬರು "ಇದರಿಂದ ಕೆಲಸ ಸಿಗುತ್ತೇನಪ್ಪಾ?" ಎಂದು ಕೇಳಿದರು. ಸಿಕ್ಕಿತು. ಇವತ್ತು ನಾನು ಬ್ಯಾಂಕಿನ ಲೆಕ್ಕಗಳ ತಂತ್ರಾಂಶ ಪರೀಕ್ಷಿಸುತ್ತೇನೆ. ದೋಷ ಸೊನ್ನೆ ಎಂದು ವರದಿ ಬಂದಾಗಲೆಲ್ಲ ನಾನು ಮೊದಲು ಕೇಳುವುದು, ಏನೇನು ಬಿಟ್ಟು ನೋಡಿದಿರಿ ಎಂದೇ.

ಆ ವರ್ಷ ಯುಗಾದಿಗೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ತಂದು ದೊಡ್ಡಪ್ಪನಿಗೆ ತೋರಿಸಿದೆ. ಸುಮ್ಮನೆ ತೋರಿಸಿದ್ದು, ಅವರಿಗೆ ಅರ್ಥವಾಗುತ್ತದೆಂದು ಅಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದು ಬಾಂಬೆಯವರ ಪೈಪು ಅಲ್ವೇನೋ" ಎಂದರು.

ನಾನು ಬೆಪ್ಪಾದೆ. 1980ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದೊಡ್ಡಪ್ಪ, ಆ ಕೊಳವೆಗಳನ್ನು ಕೇಜಿನಲ್ಲಿ ಕೆಳಗಿಳಿಸಿ ಒಳಗೆ ಹೊತ್ತವರಲ್ಲಿ ಒಬ್ಬರು. "ಒಂದು ಪೈಪೂ ನಗ್ಗಬಾರದು ಅಂತ ಮಗು ಎತ್ಕೊಂಡ ಹಾಗೆ ಎತ್ಕೋಬೇಕಾಗಿತ್ತು. ಅವರು ಚಿನ್ನಕ್ಕೆ ಬಂದೋರಲ್ಲ. ಏನೋ ಎಣಿಸೋಕೆ ಬಂದಿದ್ರು. ದಿನಕ್ಕೆ ಎರಡು ಸಿಕ್ತು ಅಂತ ಖುಷಿಪಡೋರು. ನಮಗೆ ನಗು." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀನು ಯಾವತ್ತು ಕೇಳ್ದೆ?" ಎಂದರು.

ಅಚ್ಚಾದ ಪ್ರಬಂಧಗಳಲ್ಲಿ ವಿಜ್ಞಾನಿಗಳ ಹೆಸರಿರುತ್ತದೆ, ಅದು ನ್ಯಾಯವೇ. ಪೈಪು ಹೊತ್ತವರ ಹೆಸರು ಹುಡುಕುವುದಾದರೆ ಬೇತಮಂಗಲ, ಆಂಡರ್ಸನ್‌ಪೇಟೆ, ನಮ್ಮೂರು ಇಲ್ಲೆಲ್ಲ ಮನೆ ಮನೆಗೆ ಹೋಗಿ ಕೇಳಬೇಕು. ಅವರಲ್ಲಿ ಅನೇಕರು ಈಗ ಇಲ್ಲ. ನಮ್ಮ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪ್ರಾಜೆಕ್ಟ್ ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ತಡಮಾಡಿದಷ್ಟೂ ನಷ್ಟ.

ಪ್ರೋಟಾನ್ ಏನಾಯಿತು ಎಂದು ಓದುಗರು ಕೇಳಬಹುದು. ಕೋಲಾರದ ತಂಡ, ಪ್ರೋಟಾನಿನ ಸಾವು ಎನ್ನಬಹುದಾದ ಕೆಲವು ಘಟನೆಗಳನ್ನು ಕಂಡಿದ್ದೇವೆ ಎಂದು ಪ್ರಕಟಿಸಿತು. ಆದರೆ ಡಿಟೆಕ್ಟರಿನೊಳಗೇ ಬಡಿಯುವ ನ್ಯೂಟ್ರಿನೋ ಕೂಡ ಕೆಲವು ಸಲ ಅಂಥದ್ದೇ ಗುರುತು ಬಿಡುತ್ತದೆ. ಎರಡನ್ನೂ ಬೇರ್ಪಡಿಸುವುದಕ್ಕೇ ಈ ಇಸ್ಪೀಟಿನ ಲೆಕ್ಕ ಬೇಕಾಗುವುದು. ಆಮೇಲೆ ಅಮೆರಿಕ, ಜಪಾನುಗಳಲ್ಲಿ ಸಾವಿರಾರು ಟನ್ ನೀರು ತುಂಬಿದ ದೊಡ್ಡ ಡಿಟೆಕ್ಟರುಗಳು ಬಂದವು. ಅವುಗಳಿಗೆ ಪ್ರೋಟಾನಿನ ಸಾವು ಕಾಣಲಿಲ್ಲ. ಇಂದಿಗೂ ಯಾರಿಗೂ ಕಂಡಿಲ್ಲ. ಹಾಗಾಗಿ ಕೋಲಾರದ ಆ ಘಟನೆಗಳನ್ನು ಜಗತ್ತು ಒಪ್ಪಿಲ್ಲ. ನಮ್ಮೂರಿನದೆಂಬ ಅಭಿಮಾನಕ್ಕೆ ಇದನ್ನು ಮುಚ್ಚಿಡುವುದು ಸರಿಯಲ್ಲ. ಗಣಿಗಾರಿಕೆಗೆ ಕೊನೆಗಾಲ ಬಂದಂತೆ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ನಿಂತವು.

ಕೋಲಾರದ ನಂತರ ದೇಶದಲ್ಲಿ ಇನ್ನೊಂದು ನೆಲದಡಿಯ ನ್ಯೂಟ್ರಿನೋ ಪ್ರಯೋಗಶಾಲೆ ಬೇಕೆಂದು ವಿಜ್ಞಾನಿಗಳು ಹೊರಟರು. ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದಡಿ 50,000 ಟನ್ ಕಾಂತೀಯ ಕಬ್ಬಿಣದ ಡಿಟೆಕ್ಟರ್ ಕಟ್ಟಲು 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಪರಿಸರದ ಪ್ರಶ್ನೆಗಳು, ಊರವರ ವಿರೋಧ, ಕೋರ್ಟು ಎಂದು ಅದು ನಿಂತುಹೋಗಿದೆ. ಮದುರೆಯಲ್ಲಿ 85 ಟನ್ನಿನ ಚಿಕ್ಕ ಮಾದರಿಯೊಂದು ಕೆಲಸ ಮಾಡುತ್ತಿದೆ. ದೊಡ್ಡದು ಇರುವುದು ಸದ್ಯಕ್ಕೆ ಕಂಪ್ಯೂಟರಿನೊಳಗೆ ಮಾತ್ರ. ಅದರ ಸಿಮ್ಯುಲೇಷನ್ ಮಾಡಿಯೇ ಎಷ್ಟೋ ವಿದ್ಯಾರ್ಥಿಗಳು ಸಂಶೋಧನೆಯ ಮೊದಲ ಅಕ್ಷರ ಕಲಿತಿದ್ದಾರೆ, ಪಿಎಚ್.ಡಿ.ಯನ್ನೂ ಪಡೆದಿದ್ದಾರೆ. ಅವರ ಶ್ರಮ ದೊಡ್ಡದು, ಆದರೆ ನನಗೆ ಅವರ ಬಗ್ಗೆ ಸ್ವಲ್ಪ ಮರುಕವಾಗುತ್ತದೆ. ನನ್ನ ತಪ್ಪು ಹಿಡಿಯಲು ಒಂದು ಹಳೆಯ ಜೆರಾಕ್ಸ್ ಇತ್ತು, ಅದರ ಹಿಂದೆ ಗಣಿಗಿಳಿದು ಎಣಿಸಿದ ಮನುಷ್ಯರಿದ್ದರು.

ನನ್ನ ಹಳೆಯ ಪ್ರೋಗ್ರಾಮನ್ನು ಸರಿಪಡಿಸಿ, ಕನ್ನಡದಲ್ಲಿ ಸೂಚನೆಗಳನ್ನು ಹಾಕಿ, ಈ ಮಹೋತ್ಸವದ ನೆನಪಿಗೆ ಶಾಲೆಯ ಕಂಪ್ಯೂಟರ್ ಕೊಠಡಿಗೆ ಕೊಡುತ್ತಿದ್ದೇನೆ. ಬಂಡೆಯ ದಪ್ಪವನ್ನು ಸೊನ್ನೆಯಿಂದ 2,300 ಮೀಟರಿನವರೆಗೆ ಮಕ್ಕಳೇ ಬದಲಾಯಿಸಿ ನೋಡಬಹುದು. ಅಳತೆ ಬರೆಯದಿದ್ದರೆ ಈಗ ಅದು ಕೆಂಪಕ್ಷರದಲ್ಲಿ ಬೈಯುತ್ತದೆ. ದಸರಾ ರಜೆಯಲ್ಲಿ ಬಂದು ಎರಡು ದಿನ ನಾನೇ ಕೂತು ಹೇಳಿಕೊಡುವುದಾಗಿ ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟಿದ್ದೇನೆ. ದೊಡ್ಡಪ್ಪನೂ ಬರುತ್ತಾರಂತೆ. ಕೊಳವೆಗಳಿಗೆ ನಾನು ನೀಲಿ ಬಣ್ಣ ಕೊಟ್ಟಿರುವುದು ತಪ್ಪು, ಅವು ಹಾಗಿರಲೇ ಇಲ್ಲ ಎಂಬುದು ಅವರ ತಕರಾರು.